ರಿಮೋಟ್ ಸ್ಟಾರ್ಟರ್ ಎಂಬ ಹೊಸ ವ್ಯಾಮೋಹ

ಈಚೆಗೆ ನಮ್ಮ ಕನ್ನಡ ಬಂಧುಗಳು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ: ಕಾರಿಗೆ ರಿಮೋಟ್ ಸ್ಟಾರ್ಟರ್ ಹಾಕಿಸಬೇಕೆ, ಬೇಡವೆ? ಕೌಟಿಲ್ಯ ಮಾರ್ಗದ ಕರ್ನಾಟಕ ಭವನದಲ್ಲಿ ಊಟ ಮುಗಿಸಿ ಹೊರಗೆ ನಿಂತರೆ ಇದೇ ಮಾತು. ಸಂಘದ ನಾಟಕ ಮುಗಿದು ಜನ ಕಾರುಗಳತ್ತ ನಡೆಯುವಾಗಲೂ ನಾಟಕವನ್ನು ಬಿಟ್ಟು ಇದೇ ಮಾತು. ಮೂರನೆಯ ಮಹಡಿಯಲ್ಲಿ ಕಾಫಿ ಕುಡಿಯುತ್ತ ಗುಂಡಿ ಒತ್ತಿದರೆ ಸಾಕಂತೆ, ಕೆಳಗೆ ಬೀದಿಯಲ್ಲಿ ನಿಂತ ಕಾರು ತಾನಾಗಿ ಚಾಲೂ ಆಗುತ್ತದಂತೆ, ಎ.ಸಿ. ಓಡುತ್ತದಂತೆ, ನಾವು ಇಳಿದು ಬರುವ ಹೊತ್ತಿಗೆ ಒಳಗೆಲ್ಲ ಮಡಿಕೇರಿಯಂತೆ ತಂಪಾಗಿರುತ್ತದಂತೆ. ಕರೋಲ್ ಬಾಗಿನಲ್ಲಿ ಅರ್ಧ ದಿನದಲ್ಲಿ ಕೂರಿಸಿಕೊಡುತ್ತಾರಂತೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗಿನ ಅಂಗಡಿಯಲ್ಲಿ ತಂತಿ ಕತ್ತರಿಸಿ ಕೂರಿಸುವ ಈ ಸಾಧನವನ್ನು ದಿಲ್ಲಿಯಲ್ಲಿ ಬೀದಿಬದಿ ಕಾರು ನಿಲ್ಲಿಸುವ ಯಾವ ಸಂಸಾರವಂದಿಗನೂ ಹಾಕಿಸಬಾರದು. ಹಾಕಿಸಿದವರು ತೆಗೆಸಬೇಕು. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ, ಸಂಪಾದಕರು ಜಾಗ ಕೊಟ್ಟಾರು.

ಸೆಖೆಯ ವಿಷಯದಲ್ಲಿ ನನಗೆ ತಕರಾರಿಲ್ಲ. ಮೈಸೂರು, ಧಾರವಾಡಗಳ ಹವೆಯಲ್ಲಿ ಬೆಳೆದ ನಮ್ಮಂಥವರಿಗೆ ದಿಲ್ಲಿಯ ಮೇ ತಿಂಗಳು ಪರೀಕ್ಷೆಯೇ ಸರಿ. 2024ರ ಮೇ 29ರಂದು ನಮ್ಮ ಚಾಣಕ್ಯಪುರಿಗೆ ಹತ್ತಿರದ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 46.8 ಡಿಗ್ರಿ ದಾಖಲಾಯಿತು. ಎಪ್ಪತ್ತೊಂಬತ್ತು ವರ್ಷಗಳಲ್ಲಿ ಅಷ್ಟು ಕಂಡಿರಲಿಲ್ಲ. (ಅದೇ ದಿನ ಮುಂಗೇಶ್‌ಪುರದಲ್ಲಿ 52.9 ಎಂದು ಪತ್ರಿಕೆಗಳೆಲ್ಲ ಕೂಗಿದವು. ಮಾಪಕದಲ್ಲಿ ಮೂರು ಡಿಗ್ರಿಯ ದೋಷವಿತ್ತೆಂದು ಹವಾಮಾನ ಇಲಾಖೆ ಆಮೇಲೆ ಹೇಳಿತು. ಆದರೂ ನಮ್ಮ ಕೆಲವು ಮಿತ್ರರು ಈಗಲೂ 52.9 ಎಂದೇ ಊರಿಗೆ ಫೋನು ಮಾಡಿ ಹೇಳುತ್ತಾರೆ. ಆ ಸಂತೋಷವನ್ನು ನಾನೇಕೆ ಕೆಡಿಸಲಿ.) ಅಂಥ ಬಿಸಿಲಿನಲ್ಲಿ ಮಧ್ಯಾಹ್ನವೆಲ್ಲ ನಿಂತ ಕಾರಿನ ಬಾಗಿಲು ತೆರೆದರೆ ಕುಂಬಾರನ ಆವಿಗೆಯ ಬಾಯಿ ತೆರೆದಂತೆ ಆಗುತ್ತದೆ. ಸ್ಟೀರಿಂಗ್ ಮುಟ್ಟಲಾಗುವುದಿಲ್ಲ. ಇದೆಲ್ಲ ನಿಜ.

ಆದರೆ ಈ ಬಿಸಿ ಎಲ್ಲಿಂದ ಬಂತೆಂದು ಒಂದು ನಿಮಿಷ ಯೋಚಿಸಿದರೆ ಅದಕ್ಕೆ ಪರಿಹಾರವೂ ಹೊಳೆಯುತ್ತದೆ. ಸೂರ್ಯನ ಬೆಳಕು ಗಾಜಿನ ಮೂಲಕ ಒಳಗೆ ಬಂದು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ. ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಮುಚ್ಚಿದ ಕಾರಿನಿಂದ ಆ ಗಾಳಿ ಹೊರಗೆ ಹೋಗುವಂತಿಲ್ಲ. ಹೀಗಾಗಿ ಹೊರಗೆ 42 ಇದ್ದರೆ ಒಳಗೆ 60ರ ಹತ್ತಿರ ಹೋದರೂ ಆಶ್ಚರ್ಯವಿಲ್ಲ. ಈಗ ರಿಮೋಟ್ ಭಕ್ತರು ಮಾಡುವುದೇನು? ಗಾಜುಗಳನ್ನೆಲ್ಲ ಮುಚ್ಚಿಟ್ಟು, ಆ 60 ಡಿಗ್ರಿಯ ಗಾಳಿಯನ್ನೇ ಪೆಟ್ರೋಲು ಸುಟ್ಟು 42ಕ್ಕೆ ಇಳಿಸಿ, ಅಲ್ಲಿಂದ ಮುಂದೆ ತಂಪು ಮಾಡುತ್ತಾರೆ. ಹೊರಗಿನ ಗಾಳಿ 42ರಲ್ಲಿ ಪುಕ್ಕಟೆ ನಿಂತಿದೆಯಲ್ಲ ಸ್ವಾಮಿ! ನಾಲ್ಕೂ ಬಾಗಿಲು ತೆರೆದು ಒಂದು ನಿಮಿಷ ನಿಂತರೆ ಒಳಗಿನ ಬಿಸಿ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಆಮೇಲೆ ಕಾರು ಹೊರಡಿಸಿ, ಮೊದಲ ಇನ್ನೂರು ಗಜ ಗಾಜು ಇಳಿಸಿಕೊಂಡು, ನಂತರ ಏರಿಸಿ ಎ.ಸಿ. ಹಾಕಿದರೆ ಶಾಂತಿಪಥ ದಾಟುವುದರೊಳಗೆ ಹಿತವಾಗುತ್ತದೆ. ಕಾರು ಓಡುವಾಗ ಎಂಜಿನ್ನಿನ ವೇಗ ಹೆಚ್ಚಿರುವುದರಿಂದ ಎ.ಸಿ.ಯ ಕಂಪ್ರೆಸರ್ ಚೆನ್ನಾಗಿ ಕೆಲಸ ಮಾಡುತ್ತದೆ. ನಿಂತಲ್ಲೇ ಗುರುಗುಡುವಾಗ ಅದರ ಅರ್ಧದಷ್ಟೂ ಮಾಡುವುದಿಲ್ಲ. ಮುಂದಿನ ಗಾಜಿಗೆ ಒಳಗಿನಿಂದ ಒಂದು ಹೊಳೆಯುವ ಪರದೆ ಹಾಕಿ ಹೋದರೆ ಡ್ಯಾಶ್‌ಬೋರ್ಡೂ ಅಷ್ಟು ಕಾಯದು. ಅದರ ಬೆಲೆ ಮುನ್ನೂರು ರೂಪಾಯಿ. ರಿಮೋಟ್ ಪೆಟ್ಟಿಗೆಗೆ ನಾನು ವಿಚಾರಿಸಿದ ಎರಡು ಅಂಗಡಿಗಳಲ್ಲಿ ಒಬ್ಬ 7,500 ಎಂದ, ಇನ್ನೊಬ್ಬ 12,000 ಎಂದ.

ಪೆಟ್ರೋಲಿನ ಲೆಕ್ಕವನ್ನೂ ನೋಡೋಣ. ಎ.ಸಿ. ಹಾಕಿ ನಿಂತಲ್ಲೇ ಓಡುವ ಸಾಧಾರಣ ಕಾರು ಗಂಟೆಗೆ ಸುಮಾರು ಒಂದು ಲೀಟರು ಕುಡಿಯುತ್ತದೆ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಎಂದರೆ ದಿನಕ್ಕೆ ಮೂರನೆಯ ಒಂದು ಲೀಟರು. ತಿಂಗಳಿಗೆ ಇಪ್ಪತ್ತೆರಡು ಕೆಲಸದ ದಿನಗಳಿಗೆ ಏಳು ಲೀಟರಿಗಿಂತ ಹೆಚ್ಚು. ಒಂದು ಗಜವೂ ಮುಂದೆ ಹೋಗದೆ ಸುಟ್ಟ ಪೆಟ್ರೋಲು ಇದು. ತರಕಾರಿಯವನೊಡನೆ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಶಿ ಮಾಡುವ ನಾವು ಈ ಲೆಕ್ಕಕ್ಕೆ ಮಾತ್ರ ಕಣ್ಣು ಮುಚ್ಚುತ್ತೇವೆ.

ಈ ಸಾಧನ ಹುಟ್ಟಿ ಜನಪ್ರಿಯವಾದದ್ದು ಎಲ್ಲಿ? ಕೆನಡಾ, ಉತ್ತರ ಅಮೆರಿಕದ ಹಿಮದ ನಾಡುಗಳಲ್ಲಿ. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗೆ ಹೋಗುತ್ತದೆ, ಗಾಜಿನ ಮೇಲೆ ಮಂಜು ಕಲ್ಲಿನಂತೆ ಕಟ್ಟುತ್ತದೆ. ಅದನ್ನು ಕರಗಿಸದೆ ರಸ್ತೆಗೆ ಇಳಿದರೆ ಪ್ರಾಣಾಪಾಯ. ಅಲ್ಲಿಯ ಅಳಿಯಂದಿರು ರಜೆಗೆ ಬಂದಾಗ ಅದರ ವೈಭವವನ್ನು ವರ್ಣಿಸುತ್ತಾರೆ, ಇಲ್ಲಿ ಮಾವಂದಿರಿಗೆ ಆಸೆ ಹುಟ್ಟುತ್ತದೆ. ಆದರೆ ಅಳಿಯಂದಿರು ಹೇಳದೆ ಬಿಡುವ ಒಂದು ಸಂಗತಿಯಿದೆ. ಟೊರೊಂಟೊ ನಗರದಲ್ಲಿ ನಿಂತ ವಾಹನದ ಎಂಜಿನ್ನನ್ನು ಸುಮ್ಮನೆ ಓಡಿಸುವುದಕ್ಕೆ 1996ರಿಂದಲೇ ನಗರಸಭೆಯ ಕಟ್ಟಳೆ ಇದೆ. ಮೊದಲು ಮೂರು ನಿಮಿಷದ ಮಿತಿಯಿತ್ತು. 2010ರಲ್ಲಿ ಅದನ್ನು ಒಂದು ನಿಮಿಷಕ್ಕೆ ಇಳಿಸಿದರು. ಜರ್ಮನಿಯ ರಸ್ತೆ ನಿಯಮಗಳೂ ಅನಾವಶ್ಯಕವಾಗಿ ಎಂಜಿನ್ ಓಡಿಸುವುದನ್ನು ನಿಷೇಧಿಸುತ್ತವೆ.

ದಿಲ್ಲಿಯ ಚಳಿಯ ಮಾತೂ ಕೇಳಿದ್ದೇನೆ. "ಸಾರ್, ಜನವರಿಯಲ್ಲಿ ಎಂಜಿನ್ ಬಿಸಿಯಾಗಬೇಡವೆ?" ಎನ್ನುತ್ತಾರೆ. 2021ರ ಜನವರಿ 1ರಂದು ಸಫ್ದರ್‌ಜಂಗ್‌ನಲ್ಲಿ 1.1 ಡಿಗ್ರಿ ಆಗಿತ್ತು. ಅದೇ ಹದಿನೈದು ವರ್ಷಗಳ ಕನಿಷ್ಠ. ಹಿಂದೆ ಅಂಬಾಸಿಡರ್, ಪದ್ಮಿನಿಗಳ ಕಾರ್ಬುರೇಟರ್ ಕಾಲದಲ್ಲಿ ಚೋಕ್ ಎಳೆದು ಐದು ನಿಮಿಷ ಗುರುಗುಟ್ಟಿಸಬೇಕಿತ್ತು, ಇಲ್ಲವಾದರೆ ಮೊದಲ ತಿರುವಿನಲ್ಲೇ ನಿಂತುಬಿಡುತ್ತಿತ್ತು. ಈಗಿನ ಕಾರುಗಳಲ್ಲಿ ಕಾರ್ಬುರೇಟರ್ ಇಲ್ಲ. ಎಷ್ಟು ಇಂಧನ ಬೇಕೆಂದು ಎಂಜಿನ್ನಿನ ಶಾಖ ನೋಡಿ ಯಂತ್ರವೇ ನಿರ್ಧರಿಸುತ್ತದೆ. ಅರ್ಧ ನಿಮಿಷ ಕಾದು ನಿಧಾನವಾಗಿ ಹೊರಟರೆ ಸಾಕು. ನಿಂತಲ್ಲಿಗಿಂತ ಓಡುವಾಗಲೇ ಎಂಜಿನ್ ಬೇಗ ಬಿಸಿಯಾಗುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಅದರ ಅಭ್ಯಾಸ ನಮ್ಮ ತಲೆಯಲ್ಲಿ ಇನ್ನೂ ನಿಂತಿಲ್ಲ.

ಇಷ್ಟೇ ಆಗಿದ್ದರೆ ಹಾಳಾಗಲಿ, ಅವರವರ ದುಡ್ಡು ಎಂದು ಸುಮ್ಮನಿರುತ್ತಿದ್ದೆ. ನಾನು ಲೇಖನಿ ಹಿಡಿದದ್ದು ಗೇರಿನ ಸಲುವಾಗಿ.

ನಮ್ಮಲ್ಲಿ ಬಹುಪಾಲು ಕುಟುಂಬಗಳ ಕಾರು ಕೈಯಿಂದ ಗೇರು ಹಾಕುವಂಥದು. ಅಂಥ ಕಾರು ಗೇರಿನಲ್ಲಿದ್ದು, ಕ್ಲಚ್ ಒತ್ತದೆ ಸ್ಟಾರ್ಟರ್ ಮೋಟರು ತಿರುಗಿದರೆ ಏನಾಗುತ್ತದೆ? ಮೋಟರೇ ಚಕ್ರವನ್ನು ತಳ್ಳುತ್ತದೆ. ಕಾರು ಕಪ್ಪೆಯಂತೆ ಮುಂದಕ್ಕೆ ಹಾರುತ್ತದೆ. ಎಂಜಿನ್ ಹಿಡಿದುಕೊಂಡರೆ ನಿಲ್ಲುವುದೂ ಇಲ್ಲ. ಇದಕ್ಕಾಗಿಯೇ ಇತ್ತೀಚಿನ ಅನೇಕ ಕಾರುಗಳಲ್ಲಿ ಕ್ಲಚ್ ಪೆಡಲಿನ ಹಿಂದೆ ಒಂದು ಸಣ್ಣ ಸ್ವಿಚ್ ಇಟ್ಟಿರುತ್ತಾರೆ: ಕಾಲಿಟ್ಟು ಒತ್ತದ ಹೊರತು ಕಾರು ಚಾಲೂ ಆಗದು. ಮೂರನೆಯ ಮಹಡಿಯಿಂದ ಚಾಲೂ ಆಗಬೇಕಾದರೆ ಈ ಸ್ವಿಚ್ಚಿಗೆ ಮೋಸ ಮಾಡಲೇಬೇಕು. ಬಲ್ಲ ಫಿಟ್ಟರ್ ಒಂದು ರಿಲೇ ಇಟ್ಟು, ರಿಮೋಟ್ ಒತ್ತಿದಾಗ ಮಾತ್ರ ಮೋಸವಾಗುವಂತೆ ಮಾಡುತ್ತಾನೆ. ಅವಸರದವನು ಎರಡು ತಂತಿ ಸೇರಿಸಿ ಕಪ್ಪು ಟೇಪು ಸುತ್ತಿಬಿಡುತ್ತಾನೆ. ಅಲ್ಲಿಗೆ ಆ ಸ್ವಿಚ್ ಇದ್ದೂ ಇಲ್ಲದಂತಾಯಿತು. ನಿಮ್ಮ ಕಾರಿನಲ್ಲಿ ಯಾವುದು ನಡೆದಿದೆ ಎಂದು ಡ್ಯಾಶ್‌ಬೋರ್ಡ್ ಬಿಚ್ಚದೆ ನಿಮಗೆ ಗೊತ್ತಾಗುವುದಿಲ್ಲ.

ಒಳ್ಳೆಯ ಕಂಪನಿಯ ಪೆಟ್ಟಿಗೆಗಳಲ್ಲಿ ಇದಕ್ಕೊಂದು ಉಪಾಯ ಇಟ್ಟಿದ್ದಾರೆ, ಅದನ್ನೂ ಹೇಳಬೇಕು. ಕಾರು ನಿಲ್ಲಿಸುವಾಗ ಗೇರು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ಕೀಲಿ ತೆಗೆದು ಇಳಿಯಬೇಕು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಪೆಟ್ಟಿಗೆಯೇ ಎಂಜಿನ್ ನಿಲ್ಲಿಸುತ್ತದೆ. ಆಮೇಲೆ ಯಾರೂ ಬಾಗಿಲು ತೆರೆಯದಿದ್ದರೆ ಗೇರು ನ್ಯೂಟ್ರಲ್‌ನಲ್ಲೇ ಇದೆ ಎಂದು ಅದು ನಂಬುತ್ತದೆ. ಬಾಗಿಲು ತೆರೆದರೆ ರಿಮೋಟಿಗೆ ಓಗೊಡುವುದಿಲ್ಲ. ಉಪಾಯ ಚೆನ್ನಾಗಿದೆ. ಆದರೆ ಅದು ದಿಲ್ಲಿಯಲ್ಲಿ ಕಾರು ನಿಲ್ಲಿಸುವ ಪದ್ಧತಿ ನೋಡಿ ಮಾಡಿದ ಉಪಾಯವಲ್ಲ. ನಮ್ಮ ಕಾಲೊನಿಗಳಲ್ಲಿ ಒಂದರ ಹಿಂದೆ ಒಂದು ಕಾರು ಅಡ್ಡ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಹೋಗುವುದೇ ಶಿಷ್ಟಾಚಾರ. ಬೇಕಾದವರು ತಳ್ಳಿ ದಾರಿ ಮಾಡಿಕೊಳ್ಳಲಿ ಎಂದು. ಬ್ರೇಕ್ ಹಾಕಿ ಹೋದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದು ಬೈಗುಳ. ಇನ್ನು ಇಳಿಜಾರಿನಲ್ಲಿ ಮೊದಲನೆಯ ಗೇರಿನಲ್ಲಿ ನಿಲ್ಲಿಸಬೇಕೆಂದು ನಮಗೆಲ್ಲ ಡ್ರೈವಿಂಗ್ ಕಲಿಸಿದವರೇ ಹೇಳಿಕೊಟ್ಟಿದ್ದಾರೆ. ಮೂರೂ ಅಭ್ಯಾಸಗಳನ್ನು ಒಂದೇ ಕಾರಿನ ಮೇಲೆ ಇಟ್ಟು ನೋಡಿ. ಪೆಟ್ಟಿಗೆಗೆ ಬ್ರೇಕ್ ಬೇಕು, ನೆರೆಯವನಿಗೆ ಬ್ರೇಕ್ ಬೇಡ, ಮನೆಯಲ್ಲಿ ಆ ದಿನ ಕಾರು ತಂದು ನಿಲ್ಲಿಸಿದ ಮಗನಿಗೆ ಇದಾವುದೂ ಗೊತ್ತಿಲ್ಲ. ಅಭ್ಯಾಸಬಲದಿಂದ ಗೇರಿನಲ್ಲಿ ಬಿಟ್ಟಿದ್ದಾನೆ, ಅಗ್ಗದ ಪೆಟ್ಟಿಗೆಯಲ್ಲಿ ಈ ಉಪಾಯವೂ ಇಲ್ಲ. ಅಪ್ಪ ಮೇಲಿನಿಂದ ಗುಂಡಿ ಒತ್ತುತ್ತಾರೆ.

ಕೆಳಗೆ ಆಗ ಏನಿರುತ್ತದೆ? ನಮ್ಮ ಬೀದಿಗಳಲ್ಲಿ ಮಕ್ಕಳಿಗೆ ಬೇರೆ ಮೈದಾನ ಇಲ್ಲ. ಎರಡು ಕಾರುಗಳ ನಡುವೆಯೇ ವಿಕೆಟ್ಟು, ಚೆಂಡು ಹೋಗುವುದು ಕಾರಿನ ಅಡಿಗೇ, ಅದನ್ನು ತೆಗೆಯಲು ಹೊಟ್ಟೆಯ ಮೇಲೆ ಮಲಗುವುದೂ ಅಲ್ಲೇ. ಬಾನೆಟ್ಟಿಗೆ ಒರಗಿ ಇಸ್ತ್ರಿಯವನೊಡನೆ ಮಾತಾಡುವ ಅಜ್ಜಿ ಇರುತ್ತಾರೆ. ಡಿಸೆಂಬರಿನಲ್ಲಿ ಬೆಚ್ಚಗಿನ ಎಂಜಿನ್ನಿನ ಕೆಳಗೆ ಬೀದಿನಾಯಿಯ ಮರಿಗಳು ಮಲಗಿರುತ್ತವೆ. ಡ್ರೈವರ್ ಸೀಟಿನಲ್ಲಿ ಕೂತವನು ಕನ್ನಡಿ ನೋಡುತ್ತಾನೆ, ಹಾರ್ನು ಒತ್ತುತ್ತಾನೆ, ಕಾಲು ಬ್ರೇಕಿನ ಮೇಲಿರುತ್ತದೆ. ಮೂರನೆಯ ಮಹಡಿಯಲ್ಲಿ ಕಾಫಿ ಹಿಡಿದು ನಿಂತವನಿಗೆ ಕನ್ನಡಿಯೂ ಇಲ್ಲ, ಬ್ರೇಕೂ ಇಲ್ಲ.

ಕಾನೂನು ಇದನ್ನು ಮೂವತ್ತು ವರ್ಷಕ್ಕೂ ಹಿಂದೆಯೇ ಯೋಚಿಸಿದೆ. 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಂ ಬಹಳ ಸ್ಪಷ್ಟವಾಗಿದೆ. ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವ ವ್ಯಕ್ತಿ ಕುಳಿತಿರಬೇಕು. ಇಲ್ಲವೇ ಯಂತ್ರವನ್ನು ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು, ಚಾಲಕನಿಲ್ಲದಾಗ ವಾಹನ ಆಕಸ್ಮಿಕವಾಗಿ ಚಲಿಸದಂತೆ ನೋಡಿಕೊಂಡಿರಬೇಕು. ಯಂತ್ರವನ್ನು ನಿಲ್ಲಿಸಿ ಎಂದರೆ ನಿಲ್ಲಿಸಿ ಎಂದೇ ಅರ್ಥ. "ನಮ್ಮ ಕಾಲೊನಿ ರಸ್ತೆ ಸಾರ್ವಜನಿಕ ಸ್ಥಳ ಹೇಗಾದೀತು?" ಎಂದು ಒಬ್ಬ ಹಿರಿಯರು ಕೇಳಿದರು. ಅದೇ ಕಾಯಿದೆಯ 2ನೆಯ ಕಲಮಿನ ವ್ಯಾಖ್ಯೆಯಲ್ಲಿ ಉತ್ತರವಿದೆ: ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ, ದಾರಿ, ಯಾವುದೇ ಸ್ಥಳ. ದಿನವೂ ಹಾಲಿನವನು, ಅಂಚೆಯವನು ಬಂದು ಹೋಗುವ ಸರ್ಕಾರಿ ವಸತಿಯ ಬೀದಿ ಅದರಿಂದ ತಪ್ಪಿಸಿಕೊಳ್ಳಲಾರದು. ದಿನವಿಡೀ ಕಡತಗಳಲ್ಲಿ ಇನ್ನೊಬ್ಬರ ನಿಯಮೋಲ್ಲಂಘನೆಗೆ ಟಿಪ್ಪಣಿ ಬರೆಯುವ ನಮ್ಮ ನೌಕರವರ್ಗದವರು, ಸಂಜೆ ಮನೆಗೆ ಬಂದು ಅದನ್ನೇ ಗುಂಡಿ ಒತ್ತಿ ಮಾಡುವುದು ಚೆಂದವಲ್ಲ.

"ಹಾಗಾದರೆ ಕಂಪನಿಯವರೇ ಕೊಡುತ್ತಾರಲ್ಲ?" ಎಂಬುದು ಎಲ್ಲರ ಬತ್ತಳಿಕೆಯ ಕೊನೆಯ ಬಾಣ. ಹೌದು, 2019ರಲ್ಲಿ ಹ್ಯುಂಡೈ ವೆನ್ಯೂ, ಎಂ.ಜಿ. ಹೆಕ್ಟರ್‌ಗಳು ಬಂದಂದಿನಿಂದ ಮೊಬೈಲಿನಿಂದ ಕಾರಿಗೆ ಆಜ್ಞೆ ಕೊಡುವ ಸೌಲಭ್ಯ ನಮ್ಮ ದೇಶದಲ್ಲೂ ಪ್ರಚಾರಕ್ಕೆ ಬಂತು. ಕಾರಿನ ಗೇರು, ಬಾಗಿಲು, ಬ್ರೇಕು, ಕೀಲಿ ಎಲ್ಲವನ್ನೂ ಒಂದೇ ಜಾಲದಲ್ಲಿ ಹೆಣೆದು, ಒಂದು ಸರಿಯಿಲ್ಲದಿದ್ದರೂ ಚಾಲೂ ಆಗದಂತೆ ಮಾಡಿ ಅವರು ಕೊಡುತ್ತಾರೆ. ಅದನ್ನೂ ಬೀದಿಯಲ್ಲಿ ಬಳಸಿದರೆ 126ನೆಯ ಕಲಂ ಬಿಡುವುದಿಲ್ಲ. ಸ್ವಂತ ಕಾಂಪೌಂಡಿನ ತೆರೆದ ಅಂಗಳದಲ್ಲಿ ಬಳಸುವ ಭಾಗ್ಯವಂತರೊಡನೆ ನನ್ನ ಜಗಳವಿಲ್ಲ. ಅದಕ್ಕೂ ಹೊರಗಿನ ಪೆಟ್ಟಿಗೆಗೂ ಹೋಲಿಕೆ ಮಾಡುವುದು, ಆಸ್ಪತ್ರೆಯ ಶಸ್ತ್ರಚಿಕಿತ್ಸೆಗೂ ಸಂತೆಯಲ್ಲಿ ಹಲ್ಲು ಕೀಳುವವನಿಗೂ ಹೋಲಿಕೆ ಮಾಡಿದಂತೆ.

ಕೀಲಿಯ ಮಾತು ಬಂತಲ್ಲ, ಅದನ್ನೂ ಮುಗಿಸುತ್ತೇನೆ. ಈಗಿನ ಕಾರಿನ ಕೀಲಿಯ ತಲೆಯಲ್ಲಿ ಒಂದು ಚಿಪ್ ಇದೆ. ಅದನ್ನು ಗುರುತಿಸದೆ ಎಂಜಿನ್ ಚಾಲೂ ಆಗದು. ಕಳ್ಳನಿಗೆ ಇದೇ ದೊಡ್ಡ ಅಡ್ಡಿ. ರಿಮೋಟಿನಿಂದ ಚಾಲೂ ಆಗಬೇಕಾದರೆ ಕೀಲಿ ಕಾರಿನೊಳಗೇ ಇದೆ ಎಂದು ಕಾರಿಗೆ ನಂಬಿಸಬೇಕಲ್ಲ? ಅದಕ್ಕೆ ಅನೇಕ ಅಂಗಡಿಯವರು ಮಾಡುವುದು ಏನು ಗೊತ್ತೆ? ನಿಮ್ಮ ಎರಡನೆಯ ಕೀಲಿಯನ್ನೋ ಅದರ ಚಿಪ್ಪನ್ನೋ ಡ್ಯಾಶ್‌ಬೋರ್ಡಿನ ಹಿಂದೆ ಟೇಪು ಹಾಕಿ ಅಡಗಿಸುತ್ತಾರೆ. ಮನೆಗೆ ಬೀಗ ಹಾಕಿ ಕೀಲಿಯನ್ನು ಚೌಕಟ್ಟಿನ ಮೇಲೆ ಇಟ್ಟು ಹೋದಂತಾಯಿತು. ಅಡಗಿಸಿದ ಜಾಗ ನಿಮಗಿಂತ ಚೆನ್ನಾಗಿ ಅಂಗಡಿಯ ಹುಡುಗರಿಗೆ ಗೊತ್ತು. ಇಷ್ಟಾಗಿ ಕಾರು ಕಳುವಾದರೆ, ಅಥವಾ ಟೇಪು ಸುತ್ತಿದ ಜೋಡಣೆ ಬಿಸಿಯಾಗಿ ಹೊಗೆ ಎದ್ದರೆ, ವಿಮಾ ಕಂಪನಿಯ ಸರ್ವೇಯರ್ ಬಂದು ಮೊದಲು ಕೇಳುವುದು, "ಇದನ್ನು ಪಾಲಿಸಿಯಲ್ಲಿ ತಿಳಿಸಿದ್ದೀರಾ?" ಎಂದೇ. ಕಾರಿನ ಕಂಪನಿಯ ವಾರಂಟಿಯವರೂ ಕತ್ತರಿಸಿದ ತಂತಿ ಕಂಡರೆ ಕೈಚೆಲ್ಲುತ್ತಾರೆ.

ಹೊಗೆಯ ಬಗ್ಗೆ ಒಂದು ಭ್ರಮೆ ಇದೆ. ದಿಲ್ಲಿಗೆ ಬಿ.ಎಸ್. 6 ಇಂಧನ 2018ರ ಏಪ್ರಿಲಿನಲ್ಲೇ ಬಂತು, 2020ರಿಂದ ಮಾರಾಟವಾದ ಕಾರುಗಳೂ ಅದೇ ಮಾನದಂಡದವು, ಆದ್ದರಿಂದ ಅವುಗಳ ಹೊಗೆ ಹೊಗೆಯೇ ಅಲ್ಲವೆಂಬ ಭ್ರಮೆ. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂರೈವತ್ತು, ಮುನ್ನೂರು ಡಿಗ್ರಿಗೆ ಕಾದ ಮೇಲಷ್ಟೇ ಸರಿಯಾಗಿ ಕೆಲಸಕ್ಕೆ ಇಳಿಯುತ್ತದೆ. ತಣ್ಣಗಿನ ಎಂಜಿನ್ ಚಾಲೂ ಆದ ಮೊದಲ ನಿಮಿಷಗಳ ಹೊಗೆಯೇ ಅತ್ಯಂತ ಹೊಲಸು. ನಿಂತಲ್ಲೇ ಓಡಿಸಿದರೆ ಅದು ಕಾಯುವುದೂ ತಡ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತೆರೆದ ಬೀದಿಯಲ್ಲಿ ಚದುರಿಹೋದೀತು. ಆದರೆ ಹೊಸದಾಗಿ ಎದ್ದಿರುವ ಬಹುಮಹಡಿ ವಸತಿಗಳ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ? ಮೂರು ಕಡೆ ಗೋಡೆ ಕಟ್ಟಿದ ಕಂಬದಡಿಯ ಪಾರ್ಕಿಂಗಿನಲ್ಲಿ, ಅದರ ಪಕ್ಕದ ಕೋಣೆಯಲ್ಲಿ ಕಾವಲುಗಾರನ ಸಂಸಾರ ಮಲಗಿರುವಾಗ? ಜೇಬಿನಲ್ಲಿ ಕುಳಿತಾಗ ಗುಂಡಿ ತಾನಾಗಿ ಒತ್ತಿಕೊಳ್ಳುವುದೂ ಉಂಟು. ಅಮೆರಿಕದಲ್ಲಿ ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳನ್ನು ಮನೆಗೆ ಅಂಟಿದ ಗ್ಯಾರೇಜಿನಲ್ಲಿ ನಿಲ್ಲಿಸಲು ಮರೆತು, ಮನೆಯೊಳಗೆ ಮಲಗಿದವರು ಸತ್ತ ಪ್ರಕರಣಗಳು ಎರಡು ಡಜನ್ನಿಗೂ ಹೆಚ್ಚೆಂದು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಿತ್ತು.

2024ರ ನವೆಂಬರ್ 18ರಂದು ಈ ಊರಿನ ವಾಯು ಸೂಚ್ಯಂಕ 490 ದಾಟಿತ್ತು. ಶಾಲೆ ಮುಚ್ಚಿದರು. ಮಕ್ಕಳಿಗೆ ಮುಖವಸ್ತ್ರ ಕಟ್ಟಿ, ಕೋಣೆಗೊಂದು ಗಾಳಿ ಶೋಧಕ ತಂದು, ಪಂಜಾಬಿನ ರೈತ ಹೊಲ ಸುಡುತ್ತಾನೆಂದು ಬೈಯುತ್ತ ಕೂತೆವು. ರೈತನಿಗೆ ಎರಡು ಬೆಳೆಗಳ ನಡುವೆ ಇಪ್ಪತ್ತು ದಿನ ಮಾತ್ರ ಇರುತ್ತದೆ, ಅವನಿಗೆ ಹೊಟ್ಟೆಯ ಪ್ರಶ್ನೆ. ನಮಗೆ? 2020ರ ಅಕ್ಟೋಬರಿನಲ್ಲಿ ದಿಲ್ಲಿ ಸರ್ಕಾರ ಕೆಂಪು ದೀಪ ಬಿದ್ದಾಗ ಎಂಜಿನ್ ನಿಲ್ಲಿಸಿರೆಂದು ಅಭಿಯಾನ ಮಾಡಿತು. ಕವಲುಗಳಲ್ಲಿ ಹುಡುಗರು ಫಲಕ ಹಿಡಿದು ನಿಂತರು. ಸಿಗ್ನಲ್ಲಿನಲ್ಲಿ ಒಂದೂವರೆ ನಿಮಿಷ ನಿಲ್ಲಿಸಿದ ಎಂಜಿನ್ನನ್ನು ಮನೆಯ ಮುಂದೆ ಹತ್ತು ನಿಮಿಷ ಓಡಿಸುವುದು ಯಾವ ನ್ಯಾಯ?

ನಿಜ ಹೇಳಬೇಕೆಂದರೆ ಇದು ಸೆಖೆಯ ಸಮಸ್ಯೆಯೇ ಅಲ್ಲ, ಮರ್ಯಾದೆಯ ಸಮಸ್ಯೆ. ನಮ್ಮ ಚಾಣಕ್ಯಪುರಿಯಲ್ಲಿ ದಿನವೂ ಕಣ್ಣಿಗೆ ಬೀಳುವ ದೃಶ್ಯ ಯಾವುದು? ದೊಡ್ಡವರ ಕಾರು ಗೇಟಿನ ಮುಂದೆ ಗುರುಗುಡುತ್ತ ನಿಂತಿರುತ್ತದೆ. ಒಳಗೆ ಡ್ರೈವರ್ ಸೀಟು ಹಿಂದಕ್ಕೆ ಮಾಡಿ ಮಲಗಿರುತ್ತಾನೆ, ಸಾಹೇಬರು ಬರುವ ಹೊತ್ತಿಗೆ ತಂಪಾಗಿರಬೇಕು. ಪೆಟ್ರೋಲು ಜನರ ತೆರಿಗೆಯದು. ಇಪ್ಪತ್ತು ವರ್ಷ ಅದನ್ನು ನೋಡಿದವರಿಗೆ, ತಮಗೂ ಬಾಗಿಲು ತೆರೆದಾಗ ತಂಪು ಗಾಳಿ ಬರಲಿ ಎಂಬ ಆಸೆ. ಡ್ರೈವರನ್ನು ಇಡಲು ಸಂಬಳ ಸಾಲದು, ಅದಕ್ಕೆ ಈ ಪೆಟ್ಟಿಗೆ. ಆಸೆ ಸಹಜ. ಆದರೆ ಸಾಹೇಬರ ಕೆಟ್ಟ ಚಟವನ್ನು ಕಂತಿನಲ್ಲಿ ಕೊಂಡುಕೊಳ್ಳಬೇಕೆ?

ಮನೆಯಲ್ಲಿ ಹೃದ್ರೋಗದ ತಾಯಿ ಇದ್ದಾರೆ, ಹಸುಗೂಸಿದೆ, ಅವರನ್ನು ಬೆಂಕಿಯಂಥ ಕಾರಿನಲ್ಲಿ ಹೇಗೆ ಕೂರಿಸಲಿ ಎಂದು ಕೇಳುವವರ ಮಾತು ಬೇರೆ. ಅವರಿಗೆ ನಾನು ನಗುವುದಿಲ್ಲ. ಮನೆಯವರಲ್ಲಿ ಒಬ್ಬರು ಐದು ನಿಮಿಷ ಮೊದಲು ಇಳಿದು ಹೋಗಿ, ಬಾಗಿಲು ತೆರೆದು ಬಿಸಿ ಬಿಟ್ಟು, ಸೀಟಿನಲ್ಲಿ ಕುಳಿತು, ಕಾರನ್ನು ನೆರಳಿಗೆ ತಂದು ಬಾಗಿಲ ಮುಂದೆ ನಿಲ್ಲಿಸಲಿ. ಆಮೇಲೆ ಅಮ್ಮನವರು ಇಳಿಯಲಿ. ಕಾನೂನಿಗೂ ಸರಿ, ಕಾರಿಗೂ ಸರಿ. ಮುಂದೆ ಕಾರು ಬದಲಾಯಿಸುವವರಿಗೆ ಬ್ಯಾಟರಿ ಕಾರುಗಳಿವೆ. ಅವುಗಳಲ್ಲಿ ಅನೇಕಕ್ಕೆ ಮೊಬೈಲಿನಿಂದಲೇ ಎ.ಸಿ. ಹಾಕಬಹುದು, ಎಂಜಿನ್ನೇ ಇಲ್ಲದ್ದರಿಂದ ಹೊಗೆಯೂ ಇಲ್ಲ, ಹಾರುವ ಭಯವೂ ಇಲ್ಲ. ಇನ್ನು ಹತ್ತು ಹನ್ನೆರಡು ವರ್ಷ ಹಳೆಯ ಕಾರಿಗೆ ಈ ಪೆಟ್ಟಿಗೆ ಹಾಕಿಸುವವರಿಗೆ ಏನು ಹೇಳಲಿ? 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟು, 2025ರ ಜುಲೈಯಲ್ಲಿ ಪೆಟ್ರೋಲ್ ಬಂಕಿನ ಕ್ಯಾಮೆರಾ, ಹೀಗೆ ಒಂದಾದ ಮೇಲೊಂದು ಹಳೆಯ ಕಾರಿನ ಬೆನ್ನು ಹತ್ತಿದ ಊರಿದು. ಗುಜರಿಗೆ ಹೋಗುವ ಎತ್ತಿಗೆ ಕೊಂಬಿನ ಅಣಸು ಮಾಡಿಸಿದಂತೆ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಬೇಡಿಕೆಯಿದೆ. ಕಾರ್ಯಕ್ರಮದ ದಿನ ಸಭಾಂಗಣದ ಮುಂದಿನ ಅಂಗಳದಲ್ಲಿ ಮಕ್ಕಳು ಓಡಾಡುತ್ತಿರುವಾಗಲೇ, ವಂದನಾರ್ಪಣೆ ಶುರುವಾಗುತ್ತಿದ್ದಂತೆ, ಒಳಗಿನಿಂದ ಗುಂಡಿ ಒತ್ತುವವರು ಈಗ ಮೂರು ನಾಲ್ಕು ಜನ ಆಗಿದ್ದಾರೆ. ಚಾಲಕರಿಲ್ಲದ ಕಾರಿನ ಎಂಜಿನ್ ಇಲ್ಲಿ ಓಡಕೂಡದು ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಒಂದು ಫಲಕ ಬರೆಸಿ ರಾಜ್ಯೋತ್ಸವಕ್ಕೆ ಮುಂಚೆ ಗೇಟಿನ ಬಳಿ ನೆಡಿಸಬೇಕು. ಬಣ್ಣ ಮತ್ತು ತಗಡಿನ ಖರ್ಚು ನಾನು ಕೊಡುತ್ತೇನೆ; ರಸೀತಿ ಬೇಡ.